ಎಮ್ಮೆಗೆ ಕನ್ನಡಕ

ಫೋನಿನಲ್ಲಿ ‘ಎಮ್ಮೆ’ ಅಂತ ಒತ್ತಿದರೆ ಅಕ್ಷರಗಳ ಮೇಲುಗಡೆ ಒಂದು ಪುಟ್ಟ ಎಮ್ಮೆ ಬಂದು ನಿಲ್ಲುತ್ತದೆ. ನಂಬಿಕೆ ಇಲ್ಲದಿದ್ದರೆ ನೀವೂ ಒತ್ತಿ ನೋಡಿ. ನನಗೆ ಇದು ಗೊತ್ತಾಗಿದ್ದು ಇತ್ತೀಚೆಗೆ. ಎಪ್ಪತ್ನಾಲ್ಕನೇ ವಯಸ್ಸಿಗೆ ಫೋನಿನಲ್ಲಿ ಬರೆಯಲು ಕಲಿತವಳು ನಾನು. ಬಲಗೈ ತೋರುಬೆರಳೊಂದೇ ಕೆಲಸ ಮಾಡುತ್ತದೆ, ಉಳಿದ ಒಂಬತ್ತು ನಿಂತು ನೋಡುತ್ತವೆ. ಕನ್ನಡಕದ ಕಡ್ಡಿ ಸಡಿಲವಾಗಿ ಬಗ್ಗಿದಾಗಲೆಲ್ಲ ಬೀಳುತ್ತಿತ್ತು. ಅದಕ್ಕೆ ಕಪ್ಪು ದಾರ ಕಟ್ಟಿ ತಲೆಯ ಹಿಂದೆ ಗಂಟು ಹಾಕಿಕೊಂಡಿದ್ದೇನೆ. ಕಲಿತ ಮೊದಲ ವಾರ ಸೊಸೆಗೆ ‘ಬರುವಾಗ ಹೀರೇಕಾಯಿ ತಾ’ ಅಂತ ಕಳಿಸಿದ್ದು ದಾರಿ ತಪ್ಪಿ ನೆಂಟರೆಲ್ಲ ಇರುವ ಗುಂಪಿಗೆ ಹೋಯಿತು. ಮೂವತ್ತು ಜನ ಓದಿದರು. ಸಂಜೆಯೊಳಗೆ ಮೂರು ಮನೆಯಿಂದ ಹೀರೇಕಾಯಿ ಬಂತು. ಸೊಸೆಯೂ ತಂದಳು. ಆ ವಾರ ಕಳೆಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಹೀರೇಕಾಯಿ ಅನ್ನುವುದು ಬೈಗುಳವಾಗಿತ್ತು.

ಇರಲಿ, ವಿಷಯ ಎಮ್ಮೆಯದು. ಫೋನಿನೊಳಗಿನ ಆ ಎಮ್ಮೆಯನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಇಸ್ತ್ರಿ ಮಾಡಿದ ಹಾಗಿದೆ. ಮೈಮೇಲೆ ಕೆಸರಿಲ್ಲ, ಕಿವಿಯಲ್ಲಿ ಉಣ್ಣೆಹುಳ ಇಲ್ಲ, ಸುತ್ತ ಒಂದು ನೊಣ ಇಲ್ಲ. ಬಾಲ ಕೆಳಗೆ ಬಿಟ್ಟುಕೊಂಡು ಫೋಟೋ ತೆಗೆಸಿಕೊಳ್ಳುವವರ ಹಾಗೆ ನಿಂತಿದೆ. ಬಾಲ ಎತ್ತದ ಎಮ್ಮೆಯನ್ನು ಬಿಡಿಸಿದವನು ಎಮ್ಮೆಯನ್ನು ಕಂಡದ್ದು ಮೊಸರಿನ ಪ್ಯಾಕೆಟ್ಟಿನ ಮೇಲೆ ಮಾತ್ರ ಇರಬೇಕು.

ಕಥೆ ಬರೆಯುವವರದೂ ಇದೇ ಹಣೆಬರಹ. ನಮ್ಮ ಚಳ್ಳಕೆರೆ ಸೀಮೆಯಲ್ಲಿ ಯಾರ ಮುತ್ತಜ್ಜನೂ ಸಿಂಹ ಕಂಡವನಲ್ಲ. ಆದರೂ ಮಕ್ಕಳ ಕಥೆ ಬರೆಯಲು ಕೂತವರು ಮೊದಲ ಸಾಲಿಗೇ ಸಿಂಹವನ್ನು ತಂದು ರಾಜ ಮಾಡಿ ಕೂರಿಸುತ್ತಾರೆ. ಚುನಾವಣೆಯೂ ಇಲ್ಲ, ಒಂದು ಮಾತು ಕೇಳುವುದೂ ಇಲ್ಲ. ಆಮೇಲೆ ನರಿ ಬರುತ್ತದೆ, ಕುತಂತ್ರ ಮಾಡುತ್ತದೆ. ನಾನು ನರಿಯನ್ನು ನೋಡಿದ್ದೇನೆ. ನನ್ನ ಅಪ್ಪನ ಶೇಂಗಾ ಹೊಲಕ್ಕೆ ಬರುತ್ತಿತ್ತು. ಗಿಡ ಕೆದರಿ ಕಾಯಿ ತಿನ್ನುತ್ತಿತ್ತು. ಅವ್ವ ತಗಡು ಬಡಿದರೆ ಬಾಯಲ್ಲಿದ್ದ ಕಾಯಿಯನ್ನೂ ಬಿಟ್ಟು ಓಡುತ್ತಿತ್ತು. ಹಸಿವು, ಆಮೇಲೆ ಓಟ. ಅದರ ಕುತಂತ್ರವೆಲ್ಲ ಇಷ್ಟೇ. ಹೊಟ್ಟೆ ತುಂಬಿದ ಮೇಲೂ ಕೂತು ಸಂಚು ಮಾಡುವ ಪ್ರಾಣಿ ಎರಡು ಕಾಲಿನದು; ಅದಕ್ಕೆ ನರಿಯ ತೊಗಲು ಹೊದಿಸಿ ನಾವು ಕೈ ತೊಳೆದುಕೊಂಡಿದ್ದೇವೆ.

ಕತ್ತೆಯ ವಿಷಯ ಬಿಡಿ. ಲೆಕ್ಕ ಬರಲಿಲ್ಲವೆಂದು ಮೇಷ್ಟ್ರು ನನ್ನನ್ನು ಕತ್ತೆ ಅಂದಿದ್ದರು. ಮಾರನೇ ದಿನ ಅಗಸರ ಮನೆಯ ಹತ್ತಿರ ಹೋಗಿ ಕತ್ತೆಯ ಮುಖವನ್ನು ಚೆನ್ನಾಗಿ ನೋಡಿ ಬಂದೆ. ಮೇಷ್ಟ್ರ ಮುಖಕ್ಕಿಂತ ಗಂಭೀರವಾಗಿತ್ತು. ಈಗ ನಮ್ಮ ಮನೆ ಇರುವುದು ಎಣ್ಣೆ ಮಿಲ್ಲಿನ ಹಿಂದೆ. ಅಲ್ಲೊಂದು ಕತ್ತೆ, ಹಿಂಡಿ ತುಂಬುವ ದಿನ ಮಾತ್ರ ಬಂದು ಗೇಟಿನ ಹತ್ತಿರ ನಿಲ್ಲುತ್ತದೆ. ಆ ದಿನ ಯಾವುದೆಂದು ಮಿಲ್ಲಿನ ಗುಮಾಸ್ತನಿಗೇ ಸರಿಯಾಗಿ ಗೊತ್ತಿರುವುದಿಲ್ಲ. ಕತ್ತೆ ಬಂದಿದೆಯೇ ಅಂತ ನೋಡಿ ಲಾರಿಗೆ ಹೇಳಿ ಕಳಿಸುತ್ತಾನೆ. ಇನ್ನು ಊರಾಚೆ ವರವು ಕಾವಲು ಅನ್ನುವ ಹುಲ್ಲುಗಾವಲಿನ ದನಗಳು. ಹೊಸಬರು ಹುಲ್ಲಿಗೆ ಕಾಲಿಟ್ಟರೆ ಮಂದೆಗೆ ಮಂದೆಯೇ ಒಟ್ಟಿಗೆ ತಲೆ ಎತ್ತಿ, ನಾವು ಯಾರ ಮನೆಯವರು, ಎಷ್ಟು ಹೊತ್ತಿಗೆ ಹೊರಡುತ್ತೇವೆ ಅಂತ ಕೇಳುವ ಹಾಗೆ ನೋಡುತ್ತವೆ. ನಮ್ಮ ಮದುವೆಯಾದ ಹೊಸತರಲ್ಲಿ ನನ್ನ ಯಜಮಾನರು ಅಲ್ಲಿ ನನಗೆ ಧೈರ್ಯ ತೋರಿಸಲು ಹೋಗಿ ಒಂದು ಎಕ್ಕಡ ಬಿಟ್ಟು ಬಂದರು. ಅಂಥ ದನಕ್ಕೆ ಕಥೆಯವರು ‘ಸ್ನೇಹಿತರೇ, ಬನ್ನಿ ಆಡೋಣ’ ಅನ್ನುವ ಮಾತು ಕೊಡುತ್ತಾರೆ.

ನನ್ನ ನಾಲಿಗೆ ಉದ್ದ ಅಂತ ಮನೆಯಲ್ಲಿ ಒಂದು ಮಾತಿದೆ. ಇರಬಹುದು. ಆದರೆ ನಾನು ಸುಳ್ಳು ಹೇಳುವುದಿಲ್ಲ. ಮೊಮ್ಮಗಳು ಚೈತ್ರ ಚಿಕ್ಕವಳಿದ್ದಾಗ ಹಾಡುತ್ತಿದ್ದಳು. ಒಂದು ಹಬ್ಬದ ದಿನ ಎಲ್ಲರೆದುರು ಹಾಡಿದಾಗ, ಕೊಳವೆ ಬಾವಿಯ ಮೋಟಾರಿಗೆ ಗಾಳಿ ಸಿಕ್ಕ ಹಾಗಿದೆ ಅಂದೆ. ತಮಾಷೆಗೆ ಅಂದದ್ದು, ಎಲ್ಲರೂ ನಕ್ಕರು. ಆಮೇಲೆ ಯಾಕೋ ಅವಳು ಹಾಡಿದ್ದು ಕೇಳಲಿಲ್ಲ.

ಆ ಚೈತ್ರ ಈಗ ಇಲ್ಲೇ ಚಳ್ಳಕೆರೆಯ ಒಂದು ಶಾಲೆಯಲ್ಲಿ ಟೀಚರು. ಮಕ್ಕಳಿಗೆಂದು ಒಂದು ಚಿತ್ರದ ಪುಸ್ತಕ ಬರೆದಿದ್ದಾಳೆ. ಎರಡು ವರ್ಷ ತಿದ್ದಿದ್ದಾಳೆ, ಚಿತ್ರಗಳನ್ನೂ ತಾನೇ ಬಿಡಿಸಿದ್ದಾಳೆ. ಒಬ್ಬ ಪ್ರಕಾಶಕರು, ಸೋಮವಾರದೊಳಗೆ ಕಳಿಸಿ, ಅಚ್ಚು ಹಾಕೋಣ ಅಂದರಂತೆ. ಅದಕ್ಕೆ ಇನ್ನೂ ಎಂಟು ದಿನ ಇದ್ದಾಗ, ಭಾನುವಾರ ಬೆಳಿಗ್ಗೆ, ನಾನು ಅಂಗಳದಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದಾಗ ಹಾಳೆಗಳನ್ನು ತಂದು, ಮೊದಲು ನಿನಗೇ ಓದುತ್ತೇನೆ ಅಂದಳು.

ಕಥೆಯಲ್ಲಿ ಮಿಂಟಿ ಅಂತ ಒಂದು ಎಮ್ಮೆ. ದುಂಡು ಕನ್ನಡಕ ಹಾಕಿಕೊಂಡಿದೆ. ಕೊಟ್ಟಿಗೆಯಲ್ಲಿ ಎಲ್ಲರಿಗೂ ಬುದ್ಧಿ ಹೇಳುತ್ತದೆ. ಒಂದು ಕೋಳಿ ಹಾಡಿದರೆ ಮಿಂಟಿ ಆಡಿಕೊಂಡು ನಗುತ್ತದೆ. ಕೋಳಿ ಹಾಡುವುದನ್ನೇ ಬಿಡುತ್ತದೆ. ಕೊಟ್ಟಿಗೆ ಬಿಕೋ ಅನ್ನುತ್ತದೆ. ಕೊನೆಗೆ ಮಿಂಟಿ ಚಹಾ ಕುಡಿಯುತ್ತ ಯೋಚನೆ ಮಾಡಿ, ಕೋಳಿಯ ಹತ್ತಿರ ಹೋಗಿ ‘ಸಾರಿ’ ಅನ್ನುತ್ತದೆ.

ನಾನು ನಗಬಾರದ ಕಡೆಯೇ ನಕ್ಕೆ. ಎಮ್ಮೆಯ ಕಿವಿ ಪಕ್ಕಕ್ಕೆ ಜೋತುಬಿದ್ದಿರುತ್ತದೆ, ಕನ್ನಡಕ ನಿಲ್ಲುವುದು ಎಲ್ಲಿ ಅಂತ ಕೇಳಿದೆ. ಲೋಟ ಹಿಡಿಯುವುದು ಯಾವ ಗೊರಸಿನಲ್ಲಿ ಅಂತ ಕೇಳಿದೆ. ಕೋಳಿ ಹಾಡುತ್ತದೋ ಇಲ್ಲವೋ ಅನ್ನುವುದು ಎಮ್ಮೆಗೆ ಯಾಕೆ, ಅದು ಮೆಲುಕು ಹಾಕುವಾಗ ತಲೆಯ ಮೇಲೆ ಕಾಗೆ ಕೂತರೂ ಕಣ್ಣು ಬಿಡುವುದಿಲ್ಲ ಅಂದೆ. ಕೊನೆಗೆ ಅಂದೆ, “ಎಮ್ಮೆ ಸಾರಿ ಕೇಳೋದೆಲ್ಲಿ ಐತೆ? ಎಪ್ಪತ್ನಾಲ್ಕು ವರ್ಷ ಆತು, ನಾನೇ ಯಾರ್ಗೂ ಕೇಳಿಲ್ಲ.”

ಚೈತ್ರ ಜಗಳ ಆಡುವವಳಲ್ಲ. ಹಾಳೆಗಳನ್ನು ಪುಟದ ಅಂಕೆ ನೋಡಿ ಒಂದರ ಕೆಳಗೊಂದು ಜೋಡಿಸಿದಳು. ಅಂಚು ಸಮವಾಗುವ ತನಕ ನೆಲಕ್ಕೆ ಕುಟ್ಟಿದಳು. ಆಮೇಲೆ ಅಂದಳು, “ಹಂಗಾದ್ರೆ ನೀನೇ ಒಂದು ಎಮ್ಮೆ ಬರಿ ಅಜ್ಜಿ. ಮನುಷ್ಯರ ವಾಸ್ನೆ ಇರಬಾರ್ದು. ಗಂಗಜ್ಜಿಗೆ ಓದು. ಎಮ್ಮೆ ಇದ್ದಂಗೇ ಐತೆ ಅಂತ ಗಂಗಜ್ಜಿ ಅಂದ್ರೆ ನಾನು ಇದನ್ನ ಕಳ್ಸಲ್ಲ. ಇನ್ನೆಂದೂ ಬರೆಯಲ್ಲ.”

ಗಂಗಮ್ಮ ನನ್ನ ಓರಗಿತ್ತಿ, ಮೈದುನನ ಹೆಂಡತಿ. ರಾಂಪುರದ ಹತ್ತಿರ ನಮ್ಮ ಕೂಡು ಮನೆಯಲ್ಲಿ ಹದಿನಾರು ವರ್ಷ ಒಂದೇ ಒಲೆಯ ಮುಂದೆ ಕೂತವರು ನಾವು. ಈಗ ಮೊಳಕಾಲ್ಮೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಮುಖಸ್ತುತಿ ಅವಳ ಜಾಯಮಾನದಲ್ಲಿಲ್ಲ. ಒಳ್ಳೇ ತೀರ್ಪುಗಾರಳನ್ನೇ ಹುಡುಕಿದ್ದಾಳೆ ಅಂದುಕೊಂಡು ಒಪ್ಪಿಬಿಟ್ಟೆ. ಗೆಲ್ಲುತ್ತೇನೆ ಅನ್ನುವ ಖುಷಿಯಲ್ಲಿ, ಗೆದ್ದರೆ ಹುಡುಗಿ ಬರೆಯುವುದನ್ನೇ ಬಿಡುತ್ತಾಳೆ ಅನ್ನುವುದು ತಲೆಗೆ ಹೋಗಿದ್ದು ಎರಡು ದಿನ ಬಿಟ್ಟು. ಆಗಲೂ, ಬಿಟ್ಟರೆ ಬಿಡಲಿ, ಲೋಕದಲ್ಲಿ ಒಂದು ಕನ್ನಡಕದ ಎಮ್ಮೆ ಕಮ್ಮಿಯಾಗುತ್ತದೆ ಅಂತ ಅಂದುಕೊಂಡೆ. ಅಂದುಕೊಂಡದ್ದು ಸರಿಹೋಗಲಿಲ್ಲ, ಆದರೆ ಬರೆಯುವುದನ್ನು ನಿಲ್ಲಿಸಲಿಲ್ಲ. ಬರವಣಿಗೆಯ ಚಟವೇ ಹಾಗಂತೆ. ಫೋನು ಕಲಿತ ಮೂರು ತಿಂಗಳಿಗೇ ನನಗೆ ಅಂಟಿತ್ತು.

ನಾನು ಬರೆದದ್ದು ಜೋಲಿಯ ಕಥೆ. ಜೋಲಿ ನಮ್ಮ ಕೂಡು ಮನೆಯ ಎಮ್ಮೆ. ಕೊಂಬು ಕೆಳಕ್ಕೆ ಜೋತುಬಿದ್ದಿದ್ದವು, ಅದಕ್ಕೆ ಜೋಲಿ. ಮಿಂಟಿ ಗಿಂಟಿ ಅಲ್ಲ. ಅದರ ಹಾಲು ಕರೆಯುತ್ತಿದ್ದವಳು ನಾನು. ಒಂದು ವರ್ಷ ಅದು ಈದ ತಿಂಗಳಿಗೇ ಕರು ಸತ್ತುಹೋಯಿತು. ಕರು ಬಂದು ಮೂಸದೆ ಎಮ್ಮೆ ಹಾಲು ಇಳಿಸುವುದಿಲ್ಲ. ಕೆಚ್ಚಲು ಕಲ್ಲಾಗಿ ಒದೆಯುತ್ತದೆ. ಅದಕ್ಕೆ ನಮ್ಮ ಕಡೆ ಒಂದು ಉಪಾಯವಿತ್ತು. ಸತ್ತ ಕರುವಿನ ತೊಗಲು ಬಿಡಿಸಿ, ಉಪ್ಪು ಹಚ್ಚಿ ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿಯುತ್ತಿದ್ದರು. ಕಾಲಿಗೆ ನಾಲ್ಕು ಕಡ್ಡಿ. ಹುಲ್ಲುಗರು ಅಂತ ಅದರ ಹೆಸರು. ಕರೆಯುವ ಹೊತ್ತಿಗೆ ಅದನ್ನು ಎಮ್ಮೆಯ ಮುಂದೆ ನಿಲ್ಲಿಸಿದರೆ ಅದು ನೆಕ್ಕುತ್ತ ನಿಲ್ಲುತ್ತಿತ್ತು, ಹಾಲು ತಾನಾಗಿ ಇಳಿಯುತ್ತಿತ್ತು. ಕರೆದಾದ ಮೇಲೆ ಹುಲ್ಲುಗರುವನ್ನು ಗೋಡೆಯ ಗೂಟಕ್ಕೆ ನೇತುಹಾಕುತ್ತಿದ್ದೆವು.

ಇಷ್ಟನ್ನು ಒಂದೇ ಬೆರಳಿನಲ್ಲಿ ಐದು ದಿನ ಬರೆದೆ. ‘ಎಮ್ಮೆ’ ಅಂದಾಗಲೆಲ್ಲ ಆ ಇಸ್ತ್ರಿ ಎಮ್ಮೆ ಮೇಲೆ ಬಂದು ನಿಲ್ಲುತ್ತಿತ್ತು, ಅದನ್ನು ಮುಟ್ಟದೆ ಮುಂದೆ ಹೋದೆ. ಜೋಲಿಗೆ ಒಂದು ಮಾತೂ ಕೊಡಲಿಲ್ಲ. ಅದಕ್ಕೆ ದುಃಖವಾಯಿತು ಅಂತಲೂ ಬರೆಯಲಿಲ್ಲ. ದುಃಖವಾಯಿತೋ ಇಲ್ಲವೋ ನನಗೇನು ಗೊತ್ತು. ಒದೆಯಿತು ಅಂತ ಬರೆದೆ, ಯಾಕೆಂದರೆ ಒದೆ ತಿಂದವಳು ನಾನು. ಮನುಷ್ಯರನ್ನು ಪೂರಾ ಹೊರಗಿಟ್ಟೆ. ಅದೇ ವರ್ಷ ಗಂಗಮ್ಮನ ಕೂಸು ಹುಟ್ಟಿದ ಹನ್ನೊಂದನೇ ದಿನ ಹೋಗಿತ್ತು. ಅದನ್ನು ಬರೆಯಲಿಲ್ಲ. ಇದು ಎಮ್ಮೆಯ ಕಥೆ.

ಶನಿವಾರ ಬಳ್ಳಾರಿ ಬಸ್ಸು ಹತ್ತಿ, ನಮ್ಮ ಕಡೆಯ ಹಾನಗಲ್ಲಿನಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ಮೊಳಕಾಲ್ಮೂರಿಗೆ ಹೋದೆ. ಚೈತ್ರ ಬರಲಿಲ್ಲ. ತಾನು ಬಂದರೆ ಗಂಗಜ್ಜಿ ತನ್ನ ಕಡೆ ವಾಲುತ್ತಾಳಂತೆ. ತನ್ನ ಪುಸ್ತಕದ ಹಾಳೆಗಳ ಫೋಟೋ ಮಾತ್ರ ನನ್ನ ಫೋನಿಗೆ ಹಾಕಿ, ಆಮೇಲೆ ಇದನ್ನೂ ತೋರಿಸು ಅಂದಳು.

ಗಂಗಮ್ಮನ ಮಗಳ ಮನೆಯ ಅಕ್ಕಪಕ್ಕ ಎಲ್ಲ ಸೀರೆ ನೇಯುವವರು. ಗೋಡೆಯಾಚೆ ಮಗ್ಗದ ಸದ್ದು ನಿಲ್ಲುವುದೇ ಇಲ್ಲ. ಅವರೆಲ್ಲ ತೆಲುಗಿನವರಾದ್ದರಿಂದ ಗಂಗಮ್ಮನ ಕನ್ನಡದೊಳಗೂ ತೆಲುಗು ಬಂದು ಕೂತಿದೆ. ಮಂಡಕ್ಕಿ ಒಗ್ಗರಣೆ ಹಾಕಿಕೊಟ್ಟಳು. ಕಥೆ ಬರೆದಿದ್ದೇನೆ ಅಂದಾಗ, ಈ ವಯಸ್ಸಲ್ಲಿ ಬೇರೆ ರೋಗ ಬರಲಿಲ್ಲವೇ ಅಂದಳು. ಪಂದ್ಯದ ವಿಷಯ ಹೇಳಿದೆ. ಕಾಲು ಚಾಚಿಕೊಂಡು ಕೂತು, ಓದು ನೋಡೋಣ ಅಂದಳು.

ಓದಿದೆ. ಹುಲ್ಲುಗರುವಿನ ತನಕ ಅವಳು ಮಂಡಕ್ಕಿ ತಿನ್ನುತ್ತಿದ್ದಳು. ಎಮ್ಮೆಯಂಥ ಮೂಢ ಪ್ರಾಣಿ ಇನ್ನೊಂದಿಲ್ಲ, ಹುಲ್ಲಿಗೂ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೂ ವ್ಯತ್ಯಾಸ ತಿಳಿಯದೆ ಮೋಸ ಹೋಯಿತು ಅಂತ ಒಂದು ಸಾಲು ಬರೆದಿದ್ದೆ. ನನಗೆ ತುಂಬ ಹಿಡಿಸಿದ ಸಾಲು. ಅಲ್ಲಿ ಅವಳ ಕೈ ನಿಂತಿತು. ನಾನು ಮುಂದಕ್ಕೆ ಓದಿದೆ. ಕೊನೆ ಹೀಗಿತ್ತು: ‘ಒಂದು ದಿನ ಹುಲ್ಲುಗರು ಗೂಟದಲ್ಲಿ ಇರಲಿಲ್ಲ. ನಾಯಿ ಎಳೆದುಕೊಂಡು ಹೋಗಿತ್ತು. ಎಮ್ಮೆ ನಾಲ್ಕು ದಿನ ಹಾಲು ಕೊಡಲಿಲ್ಲ. ಐದನೇ ದಿನ ಕೊಟ್ಟಿತು. ಎದುರಿಗೆ ಏನೂ ಇರಲಿಲ್ಲ.’

ಫೋನು ಕೆಳಗಿಟ್ಟು, ಹೆಂಗೈತೆ ಅಂತ ಕೇಳಿದೆ. ಮೆಚ್ಚುಗೆಗೆ ಬಾಯಿ ತೆರೆದು ಕೂತಿದ್ದೆ, ಸುಳ್ಳೇಕೆ ಹೇಳಲಿ.

“ನಾಯಿ ಅಲ್ಲ ಅಕ್ಕ,” ಅಂದಳು ಗಂಗಮ್ಮ. “ಅದನ್ನ ತಗಂಡೋಗಿ ಮಣ್ಣು ಮಾಡ್ದಾಕಿ ನಾನು. ಹಾಲು ಕರ್ದಾದ ಮೇಲೆ ಕುತ್ಗೆಗೆ ಹಗ್ಗ ಹಾಕಿ ಗೂಟಕ್ಕೆ ನೇತಾಕ್ತಿದ್ದೆಲ್ಲ ನೀನು. ನೋಡಾಕಾಗ್ಲಿಲ್ಲ.”

ನನಗೆ ಸಿಟ್ಟು ಬಂತು. ನಾಲ್ಕು ದಿನ ಒದೆ ತಿಂದವಳು ನಾನು. ಅತ್ತೆಯ ಹತ್ತಿರ ಬೈಸಿಕೊಂಡವಳೂ ನಾನು. ಯಾಕೆ ಹೇಳಲಿಲ್ಲ ಅಂತ ಕೇಳಲು ಹೊರಟೆ. ಅವಳು “ಊರ್ಕೋ” ಅಂದಳು. ಸುಮ್ಮನಿರು ಅನ್ನುವುದನ್ನು ಈಗ ತೆಲುಗಿನಲ್ಲೇ ಹೇಳುತ್ತಾಳೆ. ಆಮೇಲೆ ಅಂದಳು, “ಎದುರಿಗೆ ಏನೂ ಇರ್ಲಿಲ್ಲ ಅಂತ ಬರ್ದೀಯಲ್ಲ. ನಾನಿದ್ದೆ.”

ಮಗ್ಗ ಬಡಿಯುತ್ತಲೇ ಇತ್ತು.

ಎಮ್ಮೆ ಕರೆಯುವುದು ಹೇಗೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕುಕ್ಕರುಗಾಲಲ್ಲಿ ಕೂತು, ತಂಬಿಗೆಯನ್ನು ಮೊಣಕಾಲ ನಡುವೆ ಹಿಡಿದು, ಹಣೆಯನ್ನು ಎಮ್ಮೆಯ ಹೊಟ್ಟೆಗೆ ಒತ್ತಿ ಕೂರಬೇಕು. ಕಾಣುವುದು ಕೆಚ್ಚಲು, ತಂಬಿಗೆ, ನಮ್ಮದೇ ಕೈ. ಎಮ್ಮೆಯ ಹೊಟ್ಟೆಯ ಆಚೆ ಒಂದು ಮದುವೆ ನಡೆದರೂ ತಿಳಿಯುವುದಿಲ್ಲ. ಐದನೇ ದಿನ ಬೆಳಿಗ್ಗೆ ಹಾಲು ಸರ್ರನೆ ಇಳಿದಾಗ ನಾನು ತಂಬಿಗೆ ನೋಡಿದೆ. ತುಂಬುವ ತನಕ ತಂಬಿಗೆಯನ್ನೇ ನೋಡಿದೆ. ಆಮೇಲೆ ಎದ್ದು ಒಳಗೆ ಹೋದೆ.

ಅವಳು ನಿಧಾನವಾಗಿ ಹೇಳಿದಳು. ನಾಲ್ಕು ದಿನ ಜೋಲಿ ಗೂಟದ ಕಡೆಗೇ ಮುಖ ಮಾಡಿ ನಿಂತಿದ್ದು ನೋಡಿ ಅವಳಿಗೆ ತಪ್ಪು ಮಾಡಿದೆ ಅನ್ನಿಸಿತಂತೆ. ಐದನೇ ದಿನ ನಾನು ಕರೆಯಲು ಕೂತ ಮೇಲೆ ಆಚೆ ಕಡೆಯಿಂದ ಬಂದು ಅದರ ಮೂತಿಯ ಮುಂದೆ ಕೂತಳಂತೆ. ಅದು ಅವಳ ತೋಳು ಮೂಸಿತು. ಆಮೇಲೆ ಮೊಣಕೈಯಿಂದ ಹೆಗಲ ತನಕ ನೆಕ್ಕಿತು. ಆ ಎಮ್ಮೆ ಬತ್ತುವ ತನಕ ದಿನಾ ಹೀಗೇ ನಡೆಯಿತಂತೆ. ಆ ತಿಂಗಳುಗಳಲ್ಲಿ ಅವಳ ರವಿಕೆಯ ತೋಳು ಸದಾ ಒದ್ದೆ ಇರುತ್ತಿದ್ದದ್ದು ನನಗೆ ನೆನಪಿದೆ. ಪಾತ್ರೆ ತೊಳೆದು ನೆನೆಸಿಕೊಂಡಿದ್ದಾಳೆ ಅಂದುಕೊಂಡಿದ್ದೆ. ಸೆರಗು ಸುತ್ತಿಕೊಳ್ಳಲು ಬರುವುದಿಲ್ಲವೇ ಅಂತ ಆಡಿಕೊಂಡೂ ಇದ್ದೆ.

“ಮೋಸ ಹೋತು ಅಂತ ಬರ್ದೀಯ,” ಅಂದಳು. “ನನ್ ಕೈ ತುಂಬ ಮೆಣಸಿನಕಾಯಿ ವಾಸ್ನೆ, ಸೋಪಿನ ವಾಸ್ನೆ. ನನ್ನ ಕರು ಅಂದ್ಕಂಡಿತ್ತಾ ಅದು? ಗೊತ್ತಿತ್ತು ಅದಕ್ಕೆ. ಹುಲ್ಲು ಅಂತಾನೂ ಗೊತ್ತಿತ್ತು. ಆದ್ರೂ ನೆಕ್ತು. ನನಗೂ ಗೊತ್ತಿತ್ತು, ನಾನೂ ಕೈ ಕೊಟ್ಟೆ.”

ಐವತ್ತು ವರ್ಷದಲ್ಲಿ ಆ ಕೂಸಿನ ಮಾತು ನಮ್ಮಿಬ್ಬರ ನಡುವೆ ಒಮ್ಮೆಯೂ ಬಂದಿರಲಿಲ್ಲ. ಆಗಲೂ ಬರಲಿಲ್ಲ. ಎಮ್ಮೆಯ ಮಾತನ್ನೇ ಆಡಿದೆವು. ಅದರ ಕೊಂಬು, ಅದರ ಒದೆ, ಒಮ್ಮೆ ಅದು ಅತ್ತೆಯ ಮಡಿ ಸೀರೆ ಜಗಿದದ್ದು. ಮಾತಾಡುತ್ತ ಗಂಗಮ್ಮ ತನ್ನ ಎಡತೋಳನ್ನು ಸವರಿಕೊಳ್ಳುತ್ತಿದ್ದಳು. ಮನುಷ್ಯರನ್ನು ಹೊರಗಿಟ್ಟು ಬರೆದೆ ಅಂತ ನಾನು ಬೀಗಿದ್ದೆನಲ್ಲ, ಹೊರಗಿಟ್ಟ ಆ ಒಬ್ಬಳಿಂದಲೇ ನನ್ನ ಕಥೆಯ ಕೊನೆಯ ಸಾಲು ಸುಳ್ಳಾಯಿತು. ಸುಳ್ಳು ಹೇಳುವುದಿಲ್ಲ ಅನ್ನುವ ನನ್ನ ಜಂಬವೂ ಅದರ ಜೊತೆಗೇ ಹೋಯಿತು.

ಚಹಾ ಕುಡಿದ ಮೇಲೆ ಅವಳೇ ಕೇಳಿದಳು, ಹುಡುಗಿಯ ಎಮ್ಮೆ ಎಲ್ಲಿ, ಅದನ್ನೂ ನೋಡೋಣ ಅಂತ. ಫೋನು ಕೊಟ್ಟೆ. ಮಿಂಟಿಯ ಚಿತ್ರವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ನನ್ನ ಮುಖ ನೋಡಿದಳು. ಮತ್ತೆ ಚಿತ್ರ ನೋಡಿದಳು. ಆಮೇಲೆ ಮಂಡಕ್ಕಿ ನೆತ್ತಿಗೆ ಹತ್ತುವ ಹಾಗೆ ನಗತೊಡಗಿದಳು. ಏನೆಂದು ಕೇಳಿದರೆ ಹೇಳಲಾಗದೆ ಬೆರಳಿನಲ್ಲಿ ತೋರಿಸಿದಳು.

“ಅಕ್ಕ, ಕನ್ನಡಕಕ್ಕೆ ಕರೇ ದಾರ ಕಟ್ಟೈತೆ.”

ನನ್ನ ಕೈ ತಾನಾಗಿ ತಲೆಯ ಹಿಂದಿನ ಗಂಟಿಗೆ ಹೋಯಿತು.

ಗಂಗಮ್ಮನ ತೀರ್ಪನ್ನು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಫೋನಿನಲ್ಲೇ ಚೈತ್ರಳ ಹಾಳೆಗಳನ್ನು ಮೊದಲಿಂದ ಓದಿದೆ. ಹುಲ್ಲುಗರುವಿನ ಹಾಗೆ ಒಂದೊಂದು ಕಡೆ ಹುಲ್ಲು ಹೊರಗೆ ಇಣುಕುತ್ತದೆ, ನಾನು ಸುಳ್ಳು ಹೊಗಳುವವಳಲ್ಲ. ಲೋಟ ಹಿಡಿಯುವ ಗೊರಸು ಈಗಲೂ ನನಗೆ ಒಪ್ಪಿಗೆಯಿಲ್ಲ. ಆದರೆ ಕೋಳಿ ಹಾಡು ನಿಲ್ಲಿಸಿದ ಪುಟದಲ್ಲಿ ಅವಳು ಏನೂ ಬರೆದಿಲ್ಲ. ಖಾಲಿ ಕೊಟ್ಟಿಗೆ, ಒಂದು ಮೂಲೆಯಲ್ಲಿ ಕೋಳಿಯ ಬೆನ್ನು. ಆ ಭಾನುವಾರ ಅಂಗಳದಲ್ಲಿ ಅವಳು ಓದಿದಾಗ ಆ ಪುಟ ಬಂದಿದ್ದೇ ನನಗೆ ತಿಳಿದಿರಲಿಲ್ಲ. ಓದಲು ಅಲ್ಲಿ ಏನೂ ಇರಲಿಲ್ಲವಲ್ಲ. ಆ ಪುಟದಲ್ಲಿ ಬಹಳ ಹೊತ್ತು ನಿಂತೆ. ಆ ಹಬ್ಬದ ದಿನ ಅವಳು ಹಾಡಿದ್ದು ಯಾವ ಹಾಡು ಅಂತ ನೆನಪು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಮೋಟಾರಿನ ಮಾತು ಮಾತ್ರ ಚೆನ್ನಾಗಿ ನೆನಪಿತ್ತು.

ಕೊನೆಗೆ ತೋರುಬೆರಳು ತೆಗೆದು ಬರೆದೆ: ‘ನಾನು ಸೋತೆ. ಕಳಿಸು. ನೀನು ಹಾಡಿದಾಗ ನಾನು ಹಾಗೆ ಅನ್ನಬಾರದಿತ್ತು. ಸಾರಿ.’ ಆ ಕೊನೆಯ ಎರಡಕ್ಷರ ಬರೆಯಲು ಹಿರೇಹಳ್ಳಿಯಿಂದ ಚಳ್ಳಕೆರೆಯ ತನಕ ಹಿಡಿಯಿತು. ಕಣ್ಣು ಮುಚ್ಚಿ ಒತ್ತಿದೆ.

ಕಣ್ಣು ಮುಚ್ಚಬಾರದಿತ್ತು. ಹೀರೇಕಾಯಿ ಹೋದ ದಾರಿಯಲ್ಲೇ ಅದೂ ಹೋಯಿತು.

ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಫೋನು ನಡುಗುತ್ತಲೇ ಇತ್ತು. ಮೂವತ್ತು ಜನರಲ್ಲಿ ಹತ್ತೊಂಬತ್ತು ಜನ ‘ಪರವಾಗಿಲ್ಲ ಬಿಡಿ’ ಅಂತ ಬರೆದಿದ್ದರು. ಇಷ್ಟು ಜನ ಹಾಡುತ್ತಿದ್ದರು ಅಂತಲೇ ನನಗೆ ಗೊತ್ತಿರಲಿಲ್ಲ. ಮೈದುನನ ಮಗ, ‘ನನ್ನ ಮದುವೆಯಲ್ಲಿ ಹಾಡಿದಾಗ ಅಂದಿದ್ದಿರಲ್ಲ ದೊಡ್ಡಮ್ಮ, ಅದನ್ನು ಆಗಲೇ ಮರೆತೆ’ ಅಂತ ಬರೆದಿದ್ದ. ಮರೆತಿದ್ದರೆ ಬರೆಯುತ್ತಿರಲಿಲ್ಲ. ನನ್ನ ಸೊಸೆ ಕೈ ಮುಗಿಯುವ ಚಿತ್ರ ಹಾಕಿದ್ದಳು, ಅದೂ ಮೂರು ಸಲ.

ಚೈತ್ರ ಮಾತ್ರ ಒಂದಕ್ಷರವನ್ನೂ ಬರೆದಿರಲಿಲ್ಲ. ಎಲ್ಲರ ಕೊನೆಗೆ, ಒಂದು ಎಮ್ಮೆ ಕಳಿಸಿದ್ದಳು. ಫೋನಿನದೇ ಎಮ್ಮೆ, ಕೆಸರಿಲ್ಲದ್ದು, ನೊಣ ಇಲ್ಲದ್ದು. ಬಸ್ಸಿನ ಧೂಳು ಕೂತಿತ್ತು, ಕನ್ನಡಕವನ್ನು ಸೆರಗಿನಲ್ಲಿ ಒರೆಸಿ, ದಾರ ಬಿಗಿ ಮಾಡಿಕೊಂಡು, ಅಲ್ಲೇ ನಿಂತು ಅದನ್ನು ಬಹಳ ಹೊತ್ತು ನೋಡಿದೆ.

ಈಗಲೂ ಬಾಲ ಎತ್ತಿರಲಿಲ್ಲ.